ಎಂಟು ಫಾರ್ವರ್ಡ್‌ಗಳು, ಮೂರು ಜಾಗ: ಸೀಸನ್‌ಗೆ ಮುಂಚೆ ಹಾಕಿ ತಂಡದ ಪಟ್ಟಿ ಮಾಡುವುದು ಹೇಗೆ?

ಪ್ರಶ್ನೆ: ನಮ್ಮದು ಶಿವಮೊಗ್ಗದ ಒಂದು ಸಣ್ಣ ಹಾಕಿ ಕ್ಲಬ್. ಮಳೆ ಬಿಟ್ಟು ದಸರಾ ಕಳೆದ ಮೇಲೆ ನಮ್ಮ ಸೀಸನ್ ಶುರು. ಅರ್ಧ ಪಂದ್ಯ ಇಲ್ಲಿನ ಮಣ್ಣಿನ ಮೈದಾನಗಳಲ್ಲಿ, ಇನ್ನರ್ಧ ಬೆಂಗಳೂರು ಮತ್ತು ಕೊಡಗಿನ ಟರ್ಫ್‌ನಲ್ಲಿ. 22 ಹುಡುಗರಲ್ಲಿ 18 ಜನರ ಪಟ್ಟಿ ಕೊಡಬೇಕು. ಎಂಟು ಜನ ‘ನಾನು ಫಾರ್ವರ್ಡ್’ ಎನ್ನುವವರೇ. ಕಮಿಟಿಯ ಹಿರಿಯರು ಹಿಂದಿನಂತೆ ಐವರು ಫಾರ್ವರ್ಡ್ ಇರಲಿ ಅನ್ನುತ್ತಾರೆ. ಕಳೆದ ವರ್ಷ ಅತಿ ಹೆಚ್ಚು ಗೋಲು ಹೊಡೆದ ಸೆಂಟರ್ ಫಾರ್ವರ್ಡ್‌ಗೆ ಈಗ 34. ಚೆಂಡು ಹೋದ ಮೇಲೆ ಹಿಂದೆ ಓಡುವುದಿಲ್ಲ. ತೀರ್ಥಹಳ್ಳಿ ಕಡೆಯ 17ರ ಹುಡುಗ ಬಲಬದಿಯಲ್ಲಿ ಯಾರ ಕೈಗೂ ಸಿಗುವುದಿಲ್ಲ, ಎಡಕ್ಕೆ ಹಾಕಿದರೆ ಮಂಕಾಗುತ್ತಾನೆ. ಎರಡನೇ ಗೋಲ್‌ಕೀಪರ್ ಬಿಟ್ಟು ಇನ್ನೊಬ್ಬ ಫಾರ್ವರ್ಡ್ ತಗೊಳ್ಳೋಣ ಎಂಬ ವಾದವೂ ಇದೆ. ಫಾರ್ವರ್ಡ್ ಲೈನ್ ಹೇಗೆ ಕೂಡಿಸಬೇಕು, ಯಾರನ್ನು ಬಿಡಬೇಕು?

ಉತ್ತರ: ನೇರವಾಗಿ ಹೇಳಿಬಿಡುತ್ತೇನೆ, ಕಾರಣ ಆಮೇಲೆ. 18ರಲ್ಲಿ ಇಬ್ಬರು ಗೋಲ್‌ಕೀಪರ್, ಐವರು ಡಿಫೆಂಡರ್, ಐವರು ಮಿಡ್‌ಫೀಲ್ಡರ್, ಆರು ಫಾರ್ವರ್ಡ್. ಮೈದಾನದಲ್ಲಿ ಒಂದು ಹೊತ್ತಿಗೆ ಮೂವರೇ ಫಾರ್ವರ್ಡ್. ನಿಮ್ಮ 34ರ ಆಟಗಾರ ಪಟ್ಟಿಯಲ್ಲಿ ಇರಲಿ, ಮೊದಲ ಹನ್ನೊಂದರಲ್ಲಿ ಬೇಡ. ತೀರ್ಥಹಳ್ಳಿಯ ಹುಡುಗನನ್ನು ಎಡಕ್ಕೆ ಹಾಕುವ ಪ್ರಯೋಗ ಈ ವರ್ಷ ನಿಲ್ಲಿಸಿ. ಎರಡನೇ ಗೋಲ್‌ಕೀಪರ್ ಬೇಕೇ ಬೇಕು. ಎಂಟು ಫಾರ್ವರ್ಡ್‌ಗಳಲ್ಲಿ ಯಾವ ಇಬ್ಬರನ್ನು ಬಿಡಬೇಕು ಎಂಬುದನ್ನು ಮಾತ್ರ ಗೋಲಿನ ಲೆಕ್ಕ ನೋಡಿ ತೀರ್ಮಾನಿಸಬೇಡಿ. ಪೆನಾಲ್ಟಿ ಕಾರ್ನರ್‌ನಲ್ಲಿ (ಪಿಸಿ, ಅಂದರೆ ಎದುರಾಳಿಯ ತಪ್ಪಿಗೆ ಸಿಗುವ, ಗೋಲಿನ ಪಕ್ಕದ ಗೆರೆಯಿಂದ ಚೆಂಡು ತಳ್ಳಿ ಶುರುಮಾಡುವ ದಾಳಿ) ಯಾರಿಗೆ ಏನು ಕೆಲಸ ಗೊತ್ತು ಎನ್ನುವುದನ್ನು ನೋಡಿ ತೀರ್ಮಾನಿಸಿ. ಹೆಚ್ಚಿನ ಕ್ಲಬ್‌ಗಳು ಪಟ್ಟಿಯನ್ನು ಮುಂದಿನಿಂದ ಬರೆಯಲು ಕೂರುತ್ತವೆ: ಮೊದಲು ಸೆಂಟರ್ ಫಾರ್ವರ್ಡ್, ಆಮೇಲೆ ಎರಡು ಬದಿ, ಕೊನೆಗೆ ಉಳಿದವರು ‘ಹಿಂದೆ ಎಲ್ಲಾದರೂ’. ಜಗಳ ಹುಟ್ಟುವುದೇ ಅಲ್ಲಿಂದ. ಗೋಲ್‌ಕೀಪರ್, ಪಿಸಿ, ಬದಲಾವಣೆಯ ನಿಮಿಷ, ಈ ಮೂರನ್ನು ಮೊದಲು ಬರೆದರೆ ಫಾರ್ವರ್ಡ್ ಲೈನ್ ಮುಕ್ಕಾಲು ಪಾಲು ತಾನೇ ಕೂಡಿಬರುತ್ತದೆ.

ಹಿರಿಯರ ಐವರು ಫಾರ್ವರ್ಡ್ ವಾದವನ್ನು ಮೊದಲು ಮುಗಿಸೋಣ. ರೈಟ್ ಔಟ್, ರೈಟ್ ಇನ್, ಸೆಂಟರ್ ಫಾರ್ವರ್ಡ್, ಲೆಫ್ಟ್ ಇನ್, ಲೆಫ್ಟ್ ಔಟ್. ಹಿಂದೆ ಮೂವರು ಹಾಫ್, ಇಬ್ಬರು ಬ್ಯಾಕ್. ಭಾರತ ಒಲಿಂಪಿಕ್ ಚಿನ್ನ ಗೆದ್ದದ್ದು ಈ ವ್ಯೂಹದಲ್ಲೇ, ಅವರ ಮಾತಿನಲ್ಲಿ ಸುಳ್ಳಿಲ್ಲ. ಆದರೆ ಆಗ ಆಫ್‌ಸೈಡ್ ಇತ್ತು. ಎದುರಾಳಿ ಫಾರ್ವರ್ಡ್ ನಿಮ್ಮ ಗೋಲಿನ ಹತ್ತಿರ ಬಂದು ಕಾಯುವಂತಿರಲಿಲ್ಲ, ಹಾಗಾಗಿ ಇಬ್ಬರು ಬ್ಯಾಕ್ ಸಾಕಿತ್ತು. 1990ರ ದಶಕದಲ್ಲಿ ಆಫ್‌ಸೈಡ್ ಹೋಯಿತು. ಈಗ ಅವರ ಒಬ್ಬ ಫಾರ್ವರ್ಡ್ ನಿಮ್ಮ ‘ಡಿ’ (ಗೋಲಿನ ಮುಂದಿನ ಅರ್ಧವೃತ್ತ) ಗೆರೆಯ ಮೇಲೆ ನಿಂತೇ ಇರಬಹುದು. ಅವನನ್ನು ಕಾಯಲು ಒಬ್ಬ ಡಿಫೆಂಡರ್, ಆ ಡಿಫೆಂಡರ್ ತಪ್ಪಿದರೆ ಇನ್ನೊಬ್ಬ. ಬ್ಯಾಕ್‌ಗಳು ಹಿಂದೆಯೇ ಕಟ್ಟಿಹಾಕಿಕೊಳ್ಳುವುದರಿಂದ ನಡುವೆ ದೊಡ್ಡ ಬಯಲು ಬಿಡುತ್ತದೆ, ಆ ಬಯಲಿಗೆ ಮೂವರು ಮಿಡ್‌ಫೀಲ್ಡರ್ ಇಲ್ಲದಿದ್ದರೆ ಚೆಂಡು ನಿಮ್ಮ ಫಾರ್ವರ್ಡ್‌ಗಳನ್ನು ಮುಟ್ಟುವುದೇ ಇಲ್ಲ. ಐವರು ಮುಂದೆ ನಿಂತು ಚೆಂಡಿಗಾಗಿ ಕೈಬೀಸುತ್ತಿರುತ್ತಾರೆ, ಅಷ್ಟೆ. ಹಿರಿಯರಿಗೆ ಸಮಾಧಾನ ಬೇಕಿದ್ದರೆ ಹೀಗೆ ಹೇಳಿ: ಐವರಲ್ಲ, ಆರು ಫಾರ್ವರ್ಡ್ ಆಡಿಸುತ್ತೇವೆ, ಸರದಿಯ ಮೇಲೆ.

ಈ ಸರದಿಯ ಲೆಕ್ಕ ಸ್ವಲ್ಪ ಕೂತು ಮಾಡಬೇಕು. 15 ನಿಮಿಷದ ನಾಲ್ಕು ಕ್ವಾರ್ಟರ್, ಒಟ್ಟು 60 ನಿಮಿಷ. ಗೋಲ್‌ಕೀಪರ್ ಬಿಟ್ಟು ಹತ್ತು ಜನ, ಅಂದರೆ ಹಂಚಬೇಕಾದದ್ದು 600 ಆಟಗಾರ-ನಿಮಿಷ. ನಾಲ್ಕು ಡಿಫೆನ್ಸ್ ಜಾಗದ 240 ನಿಮಿಷ ಐವರಿಗೆ ಹಂಚಿದರೆ ತಲಾ 48. ಮೂರು ಮಿಡ್‌ಫೀಲ್ಡ್ ಜಾಗದ 180 ನಿಮಿಷ ಐವರಿಗೆ, ತಲಾ 36. ಮೂರು ಫಾರ್ವರ್ಡ್ ಜಾಗದ 180 ನಿಮಿಷ ಆರು ಜನಕ್ಕೆ, ತಲಾ 30. ಹಿಂದಿನವರು ಹೆಚ್ಚು, ಮುಂದಿನವರು ಕಡಿಮೆ ಆಡುವುದು ಬೇಕೆಂದೇ ಮಾಡಿದ್ದು. ಡಿಫೆಂಡರ್ ನಿಂತ ಜಾಗ ನೋಡಿಕೊಂಡು ಆಡುತ್ತಾನೆ. ಅವನನ್ನು ಪದೇ ಪದೇ ಬದಲಿಸಿದರೆ ಯಾರು ಯಾರನ್ನು ಕಾಯಬೇಕು ಎಂಬುದೇ ಗೊಂದಲ. ಫಾರ್ವರ್ಡ್ ಉಸಿರು ಕಟ್ಟಿ ಓಡಬೇಕು, ಐದಾರು ನಿಮಿಷಕ್ಕಿಂತ ಹೆಚ್ಚು ಹಾಗೆ ಓಡಿದವನು ಚೆಂಡು ಕಳೆದುಕೊಂಡಾಗ ನಡೆಯುತ್ತಾನೆ. ನೀವು ಹೇಳಿದ 34ರ ಆಟಗಾರ ‘ಹಿಂದೆ ಓಡುವುದಿಲ್ಲ’ ಎಂಬುದರಲ್ಲಿ ಸೋಮಾರಿತನ ಎಷ್ಟೋ ಗೊತ್ತಿಲ್ಲ, ಇಡೀ ಪಂದ್ಯ ಆಡಿಸಿದ್ದೂ ಕಾರಣ ಇರಬಹುದು.

ಇದು ಟರ್ಫ್ ಲೆಕ್ಕ. ಮಣ್ಣಿನಲ್ಲಿ ಆಟ ನಿಧಾನ, ಚೆಂಡು ಆಗಾಗ ಸತ್ತು ನಿಲ್ಲುತ್ತದೆ. ಅಲ್ಲಿ ಐದು ಫಾರ್ವರ್ಡ್ ಸಾಕು, ಆರನೆಯವನ ಬದಲು ಗಟ್ಟಿ ಕಾಲಿನ ಮಿಡ್‌ಫೀಲ್ಡರ್ ಹೆಚ್ಚು ಉಪಯೋಗ. ಅದಕ್ಕೇ ಆರನೇ ಫಾರ್ವರ್ಡ್ ಆಗಿ ಆರಿಸುವವನು ಮಿಡ್‌ಫೀಲ್ಡ್‌ನಲ್ಲೂ ನಿಲ್ಲಬಲ್ಲವನಾಗಿರಲಿ. ಬರೀ ಫಾರ್ವರ್ಡ್ ಆಗಿರುವ ಆರನೆಯವನು ನಿಮ್ಮ ಅರ್ಧ ಸೀಸನ್‌ಗೆ ಬೆಂಚಿನ ಭಾರ.

ಈಗ ಪಿಸಿ. ನಿಯಮದಲ್ಲಿ ಒಂದು ಸಾಲು ಇದೆ, ನಮ್ಮ ಕ್ಲಬ್‌ಗಳು ಅದನ್ನು ಓದಿದಂತೆಯೇ ಕಾಣುವುದಿಲ್ಲ: ಪೆನಾಲ್ಟಿ ಕಾರ್ನರ್ ಸಿಕ್ಕ ಕ್ಷಣದಿಂದ ಅದು ಮುಗಿಯುವವರೆಗೆ ಬದಲಾವಣೆ ಇಲ್ಲ, ರಕ್ಷಿಸುವ ತಂಡದ ಗೋಲ್‌ಕೀಪರ್ ಗಾಯಗೊಂಡರೆ ಅಥವಾ ಕಾರ್ಡ್ ಪಡೆದು ಹೊರಹೋದರೆ ಮಾತ್ರ ವಿನಾಯಿತಿ. ಅಂದರೆ ನಿಮ್ಮ ಫ್ಲಿಕರ್ (ಚೆಂಡನ್ನು ಸ್ಟಿಕ್‌ನಿಂದ ಎಳೆದು ಗೋಲಿಗೆ ಚಿಮ್ಮಿಸುವವನು) ಬೆಂಚಿನ ಮೇಲೆ ನೀರು ಕುಡಿಯುತ್ತಿರುವಾಗ ಪಿಸಿ ಸಿಕ್ಕರೆ ಅವನು ಬೆಂಚಿನಲ್ಲೇ. ಸಿಕ್ಕಿದ ಅವಕಾಶವನ್ನು ಹೊಡೆಯಲು ಬಾರದವನು ಹೊಡೆಯುತ್ತಾನೆ. ಆದ್ದರಿಂದ ಪಟ್ಟಿಯ ಪಕ್ಕದಲ್ಲಿ ಈ ಕೆಲಸಗಳನ್ನು ಬರೆಯಿರಿ: ಚೆಂಡು ತಳ್ಳುವ ಪುಷರ್ ಇಬ್ಬರು, ಅದನ್ನು ನಿಲ್ಲಿಸಿಕೊಡುವ ಸ್ಟಾಪರ್ ಇಬ್ಬರು, ಹೊಡೆಯುವವರು ಇಬ್ಬರು, ಡಿಫೆನ್ಸ್‌ನಲ್ಲಿ ಮೊದಲ ರನ್ನರ್ (ಹೊಡೆಯುವವನತ್ತ ಮೊದಲು ಓಡುವವನು) ಇಬ್ಬರು. ಪ್ರತಿ ಜೋಡಿಯಲ್ಲಿ ಒಬ್ಬನಾದರೂ ಯಾವಾಗಲೂ ಮೈದಾನದಲ್ಲಿರಬೇಕು. ಇಬ್ಬರು ಪುಷರ್‌ಗಳೂ ಒಂದೇ ಜಾಗದ ಫಾರ್ವರ್ಡ್‌ಗಳಾದರೆ ಒಬ್ಬನ ಬದಲಿಗೆ ಇನ್ನೊಬ್ಬ ಬರುತ್ತಾನೆ, ಕೆಲಸ ಸಲೀಸು. ಇಬ್ಬರು ಹೊಡೆಯುವವರೂ ಡಿಫೆಂಡರ್‌ಗಳಾದರೆ ಇನ್ನೂ ಒಳ್ಳೆಯದು, ಏಕೆಂದರೆ ಅವರು ತಲಾ 48 ನಿಮಿಷ ಒಳಗೇ ಇರುತ್ತಾರೆ. ದೊಡ್ಡ ತಂಡಗಳ ಫ್ಲಿಕರ್‌ಗಳಲ್ಲಿ ಹೆಚ್ಚಿನವರು ಡಿಫೆಂಡರ್‌ಗಳಾಗಿರುವುದು ಇದಕ್ಕೂ ಹೊಂದುತ್ತದೆ, ಕೊಡಗಿನ ವಿ.ಆರ್. ರಘುನಾಥ್, ಈಗಿನ ಹರ್ಮನ್‌ಪ್ರೀತ್ ಸಿಂಗ್ ಇಬ್ಬರೂ ಹಾಗೆಯೇ. 2024ರ ಪ್ಯಾರಿಸ್ ಒಲಿಂಪಿಕ್‌ನಲ್ಲಿ ಸ್ಪೇನ್ ವಿರುದ್ಧ ಕಂಚಿನ ಪಂದ್ಯ 2-1. ಎರಡೂ ಗೋಲು ಹರ್ಮನ್‌ಪ್ರೀತ್‌ನದು, ಎರಡೂ ಪಿಸಿಯಿಂದ. ಆ ಪಿಸಿ ಗಳಿಸಿಕೊಡುವುದು ಮಾತ್ರ ಫಾರ್ವರ್ಡ್‌ಗಳ ಕೆಲಸ. ನಿಮ್ಮ ಎಂಟು ಜನರನ್ನು ತೂಗುವಾಗ ‘ಎಷ್ಟು ಗೋಲು ಹೊಡೆದ’ ಎನ್ನುವುದರ ಜೊತೆ ‘ಎಷ್ಟು ಪಿಸಿ ಗಳಿಸಿದ’ ಎನ್ನುವುದನ್ನೂ ಬರೆದುಕೊಳ್ಳಿ. ಕ್ರಮಾಂಕ ತಲೆಕೆಳಗಾದರೂ ಆಶ್ಚರ್ಯವಿಲ್ಲ.

ರಕ್ಷಣೆಯ ಕಡೆ ಅದೇ ಪ್ಯಾರಿಸ್‌ನ ಇನ್ನೊಂದು ಪಾಠ. ಬ್ರಿಟನ್ ವಿರುದ್ಧದ ಕ್ವಾರ್ಟರ್ ಫೈನಲ್‌ನ 17ನೇ ನಿಮಿಷದಲ್ಲಿ ಭಾರತದ ಡಿಫೆಂಡರ್ ಅಮಿತ್ ರೋಹಿದಾಸ್‌ಗೆ ರೆಡ್ ಕಾರ್ಡ್. ಉಳಿದ ಹೊತ್ತೆಲ್ಲ ಹತ್ತೇ ಜನ ಆಡಿ 1-1ಕ್ಕೆ ನಿಲ್ಲಿಸಿ ಶೂಟ್‌ಔಟ್‌ನಲ್ಲಿ 4-2ರಿಂದ ಗೆದ್ದರು, ಸರಿ. ಆದರೆ ಪಿಸಿಗೆ ಮೊದಲು ಓಡಿ ಎದೆಕೊಡುವವನೇ ರೋಹಿದಾಸ್. ಒಂದು ಪಂದ್ಯದ ನಿಷೇಧದಿಂದ ಸೆಮಿಫೈನಲ್‌ಗೆ ಅವನಿಲ್ಲ, ಜರ್ಮನಿ ಎದುರು 3-2ರ ಸೋಲು. ಸೋಲಿಗೆ ಅದೊಂದೇ ಕಾರಣ ಅನ್ನಲಾಗದು. ಆದರೂ 16 ಜನರ ಒಲಿಂಪಿಕ್ ಪಟ್ಟಿಗೇ ಮೊದಲ ರನ್ನರ್ ಕೊರತೆ ಕಾಡುವುದಾದರೆ ನಮ್ಮ ಕ್ಲಬ್‌ಗಳ ಗತಿ ಏನು? ಡಿಫೆನ್ಸ್‌ಗೆ ಗೋಲ್‌ಕೀಪರ್ ಸೇರಿ ಐವರೇ ಇರುವುದು, ಉಳಿದ ಆರು ಜನ ನಡುಗೆರೆಯ ಆಚೆ. ಎರಡನೇ ರನ್ನರ್ ಆಗಿ ಒಬ್ಬ ವೇಗದ ಫಾರ್ವರ್ಡ್‌ನನ್ನು ತಯಾರು ಮಾಡಿ. ಅವನಿಗೆ ಮುಖವಾಡ, ಗಾರ್ಡ್, ಮಂಡಿ ಪ್ಯಾಡ್, ಎಡಗೈ ಗ್ಲೌಸ್ ಇಲ್ಲದೆ ಅಭ್ಯಾಸದಲ್ಲೂ ಓಡಿಸಬೇಡಿ. ಓಡುವ ದಾರಿ ಹೊಡೆಯುವವನ ನೇರಕ್ಕೆ ಅಲ್ಲ. ತನ್ನ ಎಡಕ್ಕೆ ಸ್ವಲ್ಪ ಸರಿದು, ದೇಹ ಚೆಂಡಿನ ಗೆರೆಯಿಂದ ಹೊರಗಿಟ್ಟು, ಬಲಗಡೆ ಸ್ಟಿಕ್ ಮಾತ್ರ ಆ ಗೆರೆಗೆ. ಹೆದರಿ ಕಣ್ಣು ಮುಚ್ಚುವವನು ನೇರ ಓಡುತ್ತಾನೆ, ಪೆಟ್ಟು ತಿನ್ನುವವನೂ ಅವನೇ.

ಪಿಸಿಯ ಅಳತೆ ಹೀಗಿರಲಿ. ಗೋಲ್‌ಪೋಸ್ಟ್‌ನಿಂದ 10 ಮೀಟರ್ ದೂರದ ಗುರುತಿನಿಂದ 20 ಪುಷ್. ಸ್ಟಾಪರ್ ಜಾಗ ಕದಲದೆ ನಿಲ್ಲಿಸುವಂತೆ 16 ಬಂದರೆ ಅವನು ಪುಷರ್. 12ಕ್ಕಿಂತ ಕಡಿಮೆ ಬಂದರೆ ಈ ವರ್ಷಕ್ಕೆ ಅವನ ಮೇಲೆ ನಂಬಿಕೆ ಬೇಡ. ಡಿ ಗೆರೆ ಗೋಲಿನಿಂದ 14.63 ಮೀಟರ್; ಚೆಂಡು ಆ ಗೆರೆ ದಾಟಿ ಹೊರಬಂದ ಮೇಲೆಯೇ ಗೋಲಿಗೆ ಹೊಡೆಯಬೇಕು. ಆದರೆ ಹೊರಗೆ ಚೆಂಡು ಪೂರ್ತಿ ನಿಲ್ಲಲೇಬೇಕೆಂಬ ಕಟ್ಟಳೆ ಈಗ ಇಲ್ಲ. ನಮ್ಮ ಜಂಬಿಟ್ಟಿಗೆ ಮಣ್ಣಿನ ಮೈದಾನದಲ್ಲಿ ಇದು ತುಂಬ ಅನುಕೂಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಮ್ಮಲ್ಲಿ ನೆಲ ನಿಜವಾಗಿಯೂ ಡೊಂಕು. ಚೆಂಡು ಸ್ಟಾಪರ್ ಹತ್ತಿರ ಬರುವಾಗ ಎಗರುತ್ತದೆ, ಡ್ರ್ಯಾಗ್ ಫ್ಲಿಕ್ ಮಾಡಲು ಹೋದರೆ ಸ್ಟಿಕ್‌ನ ಬುಡಕ್ಕೆ ಸಿಗುವುದೇ ಇಲ್ಲ. ಅಲ್ಲಿ ಚೆಂಡನ್ನು ಸ್ಟಾಪರ್ ಮೆತ್ತಗೆ ಹಿಡಿದು ಒಂದು ಹೆಜ್ಜೆ ಪಕ್ಕಕ್ಕೆ ಒಳಕ್ಕೆ ಜಾರಿಸಲಿ, ಹೊಡೆಯುವವನು ನೆಲಕ್ಕೆ ಅಂಟಿದಂತೆ ಸ್ಲ್ಯಾಪ್ ಮಾಡಲಿ. ಮೊದಲ ಶಾಟ್ ಹಿಟ್ ಅಥವಾ ಸ್ಲ್ಯಾಪ್ ಆದರೆ ಗೋಲುಗೆರೆ ದಾಟುವಾಗ 46 ಸೆಂಟಿಮೀಟರ್‌ಗಿಂತ, ಅಂದರೆ ಗೋಲಿನ ಹಿಂಬದಿ ಹಲಗೆಯ ಎತ್ತರಕ್ಕಿಂತ, ಮೇಲಿರಬಾರದು. ಫ್ಲಿಕ್‌ಗೆ ಆ ಮಿತಿಯಿಲ್ಲ. ಟರ್ಫ್‌ಗೆ ಹೋದಾಗ ಫ್ಲಿಕ್, ಊರಲ್ಲಿ ಸ್ಲ್ಯಾಪ್. ಎರಡಕ್ಕೂ ಒಬ್ಬನೇ ಆಗಬೇಕೆಂದಿಲ್ಲ.

ಇನ್ನು ನಿಮ್ಮ ತೀರ್ಥಹಳ್ಳಿಯ ಹುಡುಗ. ಬಲದಲ್ಲಿ ಹುಲಿಯಾದವನು ಎಡದಲ್ಲಿ ಮಂಕಾಗುವುದಕ್ಕೆ ಮನಸ್ಸಿನ ಕಾರಣ ಹುಡುಕಬೇಡಿ, ಸ್ಟಿಕ್‌ನಲ್ಲೇ ಉತ್ತರವಿದೆ. ಹಾಕಿ ಸ್ಟಿಕ್‌ಗೆ ಒಂದೇ ಚಪ್ಪಟೆ ಮುಖ. ಎಡಗೈಯವರಿಗೆಂದು ಬೇರೆ ಸ್ಟಿಕ್‌ಗೆ ನಿಯಮದಲ್ಲಿ ಜಾಗವಿಲ್ಲ. ಎಲ್ಲರಿಗೂ ದೇಹದ ಬಲಗಡೆ ಬಲ, ಎಡಗಡೆ ಸ್ಟಿಕ್ ಮಗುಚಿ ಆಡಬೇಕಾದ ದುರ್ಬಲ ಬದಿ, ಅದೇ ರಿವರ್ಸ್. ಬಲ ಅಂಚಿನಲ್ಲಿ ಓಡುವ ಫಾರ್ವರ್ಡ್ ಹೊರಬದಿಗೆ ಚೆಂಡು ತಳ್ಳಿದರೆ ಅದು ಎದುರಿನ ಡಿಫೆಂಡರ್‌ನ ಎಡಕ್ಕೆ, ಅವನ ರಿವರ್ಸ್ ಕಡೆಗೆ ಹೋಗುತ್ತದೆ. ಒಳಮುಖವಾಗಿ ನಿಂತು ಪಾಸ್ ತೆಗೆದುಕೊಂಡರೆ ಗೋಲಿನ ದಿಕ್ಕು ಅವನ ಬಲಗೈ ಕಡೆಗೇ ಇರುತ್ತದೆ, ಒಂದೇ ಚಲನೆಯಲ್ಲಿ ಮುಂದಕ್ಕೆ. ಕ್ರಾಸ್ ಕೂಡ ಸಹಜ ಹಿಟ್. ಸೋಮವಾರಪೇಟೆಯ ಎಸ್.ವಿ. ಸುನಿಲ್ ಬಲಬದಿಯಲ್ಲಿ ಓಡಿದ್ದನ್ನು ನೋಡಿದವರಿಗೆ ಇದು ಬಿಡಿಸಿ ಹೇಳಬೇಕಿಲ್ಲ. ಎಡ ಅಂಚಿನಲ್ಲಿ ಎಲ್ಲವೂ ತಿರುಗುಮುರುಗು: ಹೊರಬದಿ ಹೋದರೆ ಡಿಫೆಂಡರ್‌ನ ಗಟ್ಟಿ ಬದಿ ಎದುರು, ಪಾಸ್ ತೆಗೆದುಕೊಂಡಾಗ ಗೋಲು ತನ್ನ ರಿವರ್ಸ್ ಕಡೆ, ಕ್ರಾಸ್ ಮಾಡಲು ಚೆಂಡನ್ನು ಸುತ್ತಿ ಬರಬೇಕು. ಹಾಗಾಗಿ ಲೆಫ್ಟ್ ಔಟ್‌ಗೆ ವೇಗಕ್ಕಿಂತ ಮೊದಲು ಬೇಕಾದದ್ದು ಮೂರು ಗುಣ. ಡಿಫೆಂಡರ್‌ನ ರಿವರ್ಸ್ ಕಡೆಗೆ ಒಳಕ್ಕೆ ತಿರುಗುವ ಧೈರ್ಯ, ಬರುವ ಚೆಂಡನ್ನು ದೇಹದ ಮುಂದೆ ಹಾಯಲು ಬಿಟ್ಟು ಬಲಕ್ಕೆ ತೆಗೆದುಕೊಳ್ಳುವ ತಾಳ್ಮೆ, ಮತ್ತು ರಿವರ್ಸ್ ಹಿಟ್.

ರಿವರ್ಸ್ ಹಿಟ್‌ನಲ್ಲೇ ನಮ್ಮ ಕಡೆಯ ಹುಡುಗರು ಸೋಲುವುದು. ಸ್ಟಿಕ್ ಮಲಗಿಸಿ ಅಂಚಿನಿಂದ ಹೊಡೆಯಬೇಕು, ಸಿಗುವ ಜಾಗ ಒಂದು ಬೆರಳಿನಷ್ಟು. ಮಣ್ಣಿನಲ್ಲಿ ಚೆಂಡು ಎರಡು ಬೆರಳು ಎಗರಿದರೆ ತಪ್ಪಿತು, ಕಲ್ಲಿಗೆ ಗೆಣ್ಣು ತಾಗಿದರೆ ಆ ವಾರ ಮುಗಿಯಿತು. ಹಾಗಾಗಿ ಯಾರೂ ಅಭ್ಯಾಸ ಮಾಡುವುದಿಲ್ಲ. ಮಳೆಗಾಲದಲ್ಲಿ ಯಾವುದಾದರೂ ಸಿಮೆಂಟ್ ನೆಲದ ಹಾಲ್ ಸಿಕ್ಕರೆ ಹಳೆಯ ಸ್ಟಿಕ್‌ನಲ್ಲಿ, ಗ್ಲೌಸ್ ಹಾಕಿ, ಗೋಡೆಗೆ ಕಟ್ಟಿದ ಹಳೇ ಗೋಣಿಗೆ ದಿನಕ್ಕೆ 40 ರಿವರ್ಸ್ ಹಿಟ್. ಹೊಸ ಕಾಂಪೋಸಿಟ್ ಸ್ಟಿಕ್‌ನಲ್ಲಿ ಸಿಮೆಂಟ್ ಮೇಲೆ ಆಡಿಸಬೇಡಿ, ಅಂಚಿನ ಕಾರ್ಬನ್ ಪದರ ಬೇಗ ಸವೆದು ಬಿರಿಯುತ್ತದೆ. ಎಂಟು ಜನರಲ್ಲಿ ಯಾರ ರಿವರ್ಸ್ 10ರಲ್ಲಿ 6 ಗೋಲಿನೊಳಗೆ ಹೋಗುತ್ತದೋ ಅವರೇ ನಿಮ್ಮ ಲೆಫ್ಟ್ ಔಟ್ ಜೋಡಿ. ಅವರಲ್ಲಿ ಒಬ್ಬ ನಿಧಾನಿಯಾದರೂ ಪರವಾಗಿಲ್ಲ.

34ರ ಸೆಂಟರ್ ಫಾರ್ವರ್ಡ್ ವಿಷಯ ಸೂಕ್ಷ್ಮ. ಅವರ ಕಳೆದ ವರ್ಷದ ಗೋಲುಗಳನ್ನು ಒಂದೊಂದಾಗಿ ನೆನಪಿಸಿಕೊಂಡು ಬರೆಯಿರಿ: ಎಲ್ಲಿಂದ ಹೊಡೆದದ್ದು, ಯಾರು ಕೊಟ್ಟದ್ದು, ಟರ್ಫೋ ಮಣ್ಣೋ. ಹೆಚ್ಚಿನವು ಗೋಲಿನಿಂದ ಮೂರು ನಾಲ್ಕು ಮೀಟರ್ ಒಳಗಿನ ಟ್ಯಾಪ್, ಡಿಫ್ಲೆಕ್ಷನ್, ಗೋಲ್‌ಕೀಪರ್ ಪ್ಯಾಡ್‌ನಿಂದ ಮರಳಿದ ಚೆಂಡು ಎಂದು ಕಂಡರೆ ಅವರ ಬೆಲೆ ಡಿ ಒಳಗೆ ಮಾತ್ರ. ಅದು ಸಣ್ಣ ಬೆಲೆಯಲ್ಲ. ಗೋಲಿನ ಮುಂದೆ ತಲೆ ತಣ್ಣಗಿರುವವರು ಕಲಿಸಿದರೂ ಸಿಗುವುದಿಲ್ಲ. ಆದರೆ ಚೆಂಡು ಎದುರಾಳಿ ಡಿಫೆಂಡರ್ ಬಳಿ ಇದ್ದಾಗ ನಿಮ್ಮ ಪ್ರೆಸ್ (ಅವರನ್ನು ಒತ್ತಿ ಚೆಂಡು ಕಸಿಯುವ ಯತ್ನ) ಶುರುವಾಗುವುದೇ ಸೆಂಟರ್ ಫಾರ್ವರ್ಡ್‌ನಿಂದ. ಅವನು ಓಡಿಹೋಗಿ ಚೆಂಡು ಕಸಿಯಬೇಕಿಲ್ಲ. ಅವರ ಬಲಬದಿಗೆ ಹೋಗುವ ಪಾಸಿನ ದಾರಿಗೆ ಸ್ಟಿಕ್ ಅಡ್ಡ ಇಟ್ಟು, ಆಟವನ್ನು ಅವರ ಎಡಕ್ಕೆ, ನಮ್ಮ ಬಲಕ್ಕೆ ತಳ್ಳಬೇಕು. ಮೇಲೆ ಹೇಳಿದ ಕಾರಣಕ್ಕೇ ಆ ಬದಿಯಲ್ಲಿ ಅವರಿಗೆ ಕಷ್ಟ, ನಮ್ಮ ಡಿಫೆಂಡರ್‌ಗೆ ಸುಲಭ. ಈ ಒಂದು ಕೆಲಸ ಆಗದಿದ್ದರೆ ಹಿಂದಿನ ಎರಡು ಸಾಲು ಎಷ್ಟು ಓಡಿದರೂ ವ್ಯರ್ಥ, ಚೆಂಡು ಎರಡು ಪಾಸಿನಲ್ಲಿ ಇನ್ನೊಂದು ಬದಿಗೆ ಹೋಗಿರುತ್ತದೆ. ಆದ್ದರಿಂದ ಮೊದಲು ಪ್ರೆಸ್ ಮಾಡಬಲ್ಲ ಹುಡುಗ ಆರಂಭಿಸಲಿ. ಹಿರಿಯ ಆಟಗಾರ ಐದನೇ ನಿಮಿಷಕ್ಕೆ, ಎದುರಾಳಿ ಬ್ಯಾಕ್‌ಗಳ ಉಸಿರು ಒಮ್ಮೆ ಏರಿದ ಮೇಲೆ ಬರಲಿ. ಮೊದಲ ಮೂರು ಕ್ವಾರ್ಟರ್‌ನಲ್ಲಿ ಐದೈದು ನಿಮಿಷ, ಕೊನೆಯದರಲ್ಲಿ ಹತ್ತು. ಒಟ್ಟು 25. ಪಿಸಿ ದೊರೆತಾಗ ಒಳಗಿದ್ದರೆ ಗೋಲ್‌ಕೀಪರ್‌ನ ಎಡಪೋಸ್ಟ್ ಬಳಿ ಡಿಫ್ಲೆಕ್ಷನ್‌ಗೆ ಅವರೇ. ಇದನ್ನು ಪಟ್ಟಿ ಹಚ್ಚುವ ಮೊದಲು ಅವರೊಬ್ಬರನ್ನೇ ಕೂರಿಸಿಕೊಂಡು ಹೇಳಿ, ನಿಮಿಷದ ಲೆಕ್ಕ ತೋರಿಸಿ. ನೋಟಿಸ್ ಬೋರ್ಡ್ ನೋಡಿ ತಿಳಿದುಕೊಂಡ ಹಿರಿಯ ಆಟಗಾರ ಬೆಂಚಿನಲ್ಲಿ ಕೂತು ಇಡೀ ತಂಡದ ಬಾಯಿ ಕೆಡಿಸುತ್ತಾರೆ.

ಮೂವರನ್ನೂ ಒಟ್ಟಿಗೆ ಬದಲಿಸುವ ಪದ್ಧತಿ ಕೆಲವರಿಗೆ ಇಷ್ಟ, ಐಸ್ ಹಾಕಿಯವರ ಹಾಗೆ. ಇಲ್ಲಿ ಬೇಡ. ಬದಲಾವಣೆ ನಡೆಯುವುದು ನಡುಗೆರೆಯ ಮೂರು ಮೀಟರ್ ಒಳಗೆ, ಅದೂ ಬೆಂಚು ಇರುವ ಬದಿಯಲ್ಲಿ ಮಾತ್ರ. ಮೈದಾನದ ಅಗಲ 55 ಮೀಟರ್. ಬೆಂಚಿನ ಹತ್ತಿರದ ಅಂಚಿನವನು ಕ್ಷಣದಲ್ಲಿ ಹೊರಬರುತ್ತಾನೆ. ಆಚೆ ಅಂಚಿನವನು ಅಷ್ಟೂ ಅಗಲ ಓಡಿ ಬರುವವರೆಗೆ ನೀವು ಹತ್ತೇ ಜನ. ಹಾಗಾಗಿ ಹತ್ತಿರದ ಅಂಚಿನ ಜೋಡಿಯನ್ನು ಪ್ರತಿ ಕ್ವಾರ್ಟರ್‌ನ 4, 8, 12ನೇ ನಿಮಿಷಕ್ಕೆ ಬದಲಿಸಿ, ನಡುವಿನ ಜೋಡಿಯನ್ನು 5 ಮತ್ತು 10ಕ್ಕೆ, ದೂರದ ಅಂಚನ್ನು ಒಮ್ಮೆ ಮಾತ್ರ, ಏಳೆಂಟನೇ ನಿಮಿಷದ ಸುಮಾರಿಗೆ, ಚೆಂಡು ನಮ್ಮ ಬಳಿ ಇರುವಾಗ ಅಥವಾ ಗೆರೆ ದಾಟಿ ಹೊರಗಿರುವಾಗ. ಅರ್ಧವಿರಾಮದ ಬಳಿಕ ತುದಿ ಬದಲಾಗುತ್ತದೆ, ಬೆಂಚು ಅಲ್ಲೇ ಇರುತ್ತದೆ. ಮೊದಲರ್ಧದಲ್ಲಿ ಹತ್ತಿರವಿದ್ದ ರೈಟ್ ಔಟ್ ಈಗ ಆಚೆ ಅಂಚಿನಲ್ಲಿ! ಎಷ್ಟೋ ತಂಡಗಳು ಮೊದಲರ್ಧದ ಚೀಟಿಯನ್ನೇ ಹಿಡಿದು ಮೂರನೇ ಕ್ವಾರ್ಟರ್‌ನಲ್ಲಿ ಗೋಲು ತಿನ್ನುವುದು ಇದೇ ಓಡಾಟದಲ್ಲಿ. ಆ ಸಾಲುಗಳನ್ನು ಅದಲುಬದಲು ಮಾಡಿ ಎರಡು ಚೀಟಿ ಬರೆದಿಡಿ.

ಆಯ್ಕೆ ಟ್ರಯಲ್ಸ್ ಯಾವಾಗ ಇಡಬೇಕು ಎಂದು ನೀವು ಕೇಳಿಲ್ಲ, ಆದರೂ ಹೇಳಬೇಕು. ಆಶ್ಲೇಷ, ಮಘೆ ಮಳೆಯಲ್ಲಿ ನೀರು ನಿಂತ ಹುಲ್ಲಿನ ಮೇಲೆ ಟ್ರಯಲ್ಸ್ ಮಾಡಿದರೆ ಗೆಲ್ಲುವುದು ತೊಡೆಬಲ, ಕೈಚಳಕವಲ್ಲ. ಚೆಂಡು ಎರಡು ಗಜಕ್ಕೆ ನಿಲ್ಲುತ್ತದೆ, ಎತ್ತಿ ಆಡುವವನು ಮಿಂಚುತ್ತಾನೆ. ಅದೇ ಹುಡುಗ ಟರ್ಫ್‌ನಲ್ಲಿ ಮೊದಲ ಸ್ಪರ್ಶಕ್ಕೇ ಚೆಂಡು ಬಿಡುತ್ತಾನೆ. ಮಳೆಗಾಲವನ್ನು ದೇಹಬಲಕ್ಕೂ ಹಾಲ್‌ನಲ್ಲಿ ಟ್ರ್ಯಾಪಿಂಗ್‌ಗೂ ಇಟ್ಟುಕೊಂಡು, ಹಸ್ತ ಮಳೆ ಇಳಿದ ಮೇಲೆ ಎರಡು ಭಾನುವಾರ ಟ್ರಯಲ್ಸ್ ಮಾಡಿ. ಸಾಧ್ಯವಾದರೆ ಒಂದು ದಿನವಾದರೂ ಟರ್ಫ್ ಬಾಡಿಗೆಗೆ ಹಿಡಿಯಿರಿ. ಆ ದಿನ ಸ್ಟಡ್ ಬೂಟು ಬೇಡ, ಸಣ್ಣ ರಬ್ಬರ್ ಗುಬುಟಿನ ಟರ್ಫ್ ಶೂ ಬೇಕು; ಸ್ಟಡ್ ಹಾಕಿ ತಿರುಗಿದ ಮಂಡಿ ಸೀಸನ್ ಪೂರ್ತಿ ಮನೆಯಲ್ಲಿರುತ್ತದೆ.

ಟ್ರಯಲ್ಸ್‌ನಲ್ಲಿ ಅರ್ಧ ಮೈದಾನದಲ್ಲಿ ಐದಕ್ಕೆ ಐದು, ಎಂಟು ನಿಮಿಷದ ಆಟಗಳು. ಒಬ್ಬರು ನೋಟ್‌ಬುಕ್ ಹಿಡಿದು ಪ್ರತಿ ಫಾರ್ವರ್ಡ್‌ಗೆ ನಾಲ್ಕು ಕಾಲಂ ಬರೆಯಲಿ: ಡಿ ಒಳಗೆ ಚೆಂಡು ಒಯ್ದದ್ದು, ಶಾಟ್ ಅಥವಾ ಪಿಸಿ ಆದದ್ದು, ಮೊದಲ ಸ್ಪರ್ಶದಲ್ಲೇ ಕಳೆದದ್ದು, ಕಳೆದ ಮೇಲೆ ಐದು ಸೆಕೆಂಡಿನೊಳಗೆ ಮರಳಿ ಕಸಿದದ್ದು ಅಥವಾ ಎದುರಾಳಿಯನ್ನು ನಿಲ್ಲಿಸಿದ್ದು. ನಾಲ್ಕನೇ ಕಾಲಂಗೆ ನಾನಾದರೆ ಎರಡನೆಯದರಷ್ಟೇ ತೂಕ ಕೊಡುತ್ತೇನೆ. ಓಟಕ್ಕೆ 30 ಮೀಟರ್ ಆರು ಸಲ, ನಡುವೆ 20 ಸೆಕೆಂಡ್ ಬಿಡುವು. ಮೊದಲ ಓಟ 4.6 ಸೆಕೆಂಡ್, ಆರನೆಯದು 5.0 ಆದರೆ ಸುಮಾರು ನೂರಕ್ಕೆ ಒಂಬತ್ತರಷ್ಟು ಇಳಿಕೆ. ಅಂಥವನನ್ನು ನಾಲ್ಕು ನಿಮಿಷಕ್ಕಿಂತ ಹೆಚ್ಚು ಒಂದೇ ಸಲ ಆಡಿಸಬೇಡಿ. ಮೊದಲ ಓಟ 4.8 ಆಗಿದ್ದು ಆರನೆಯದೂ 4.9ರಲ್ಲಿ ನಿಲ್ಲುವವನು ದೂರದ ಅಂಚಿಗೆ ಹೇಳಿಮಾಡಿಸಿದವನು.

ಮಲೆನಾಡಿನ ಪಟ್ಟಿಯಲ್ಲಿ ಬೇರೆ ಊರಿನವರಿಗೆ ಅರ್ಥವಾಗದ ಇನ್ನೊಂದು ಕಾಲಂ ಬೇಕು, ಅಡಿಕೆ ಕೊಯ್ಲು. ತೀರ್ಥಹಳ್ಳಿ, ಸಾಗರ, ಹೊಸನಗರ ಕಡೆಯ ಹುಡುಗರಲ್ಲಿ ತೋಟವಿರುವವರು ನವೆಂಬರ್‌ನಿಂದ ಜನವರಿವರೆಗೆ ಕೊಯ್ಲು, ಸುಲಿಯುವುದು, ಬೇಯಿಸುವುದು ಅಂತ ವಾರದ ಮಧ್ಯೆ ಸಿಗುವುದಿಲ್ಲ. ಜೊತೆಗೆ ಕಾಲೇಜು ಪರೀಕ್ಷೆ. ಒಂದೇ ಜಾಗದ ಇಬ್ಬರೂ ತೋಟದ ಮನೆಯವರಾದರೆ ಆ ಜೋಡಿ ಒಟ್ಟಿಗೇ ಕಾಣೆ. ಪಟ್ಟಿ ಮಾಡುವ ಮೊದಲೇ ಮನೆಯವರ ಹತ್ತಿರ ಮಾತಾಡಿ ಬರದ ದಿನಾಂಕ ಬರೆದುಕೊಳ್ಳಿ, ಜೋಡಿಯಲ್ಲಿ ಒಬ್ಬ ಪೇಟೆಯವನಿರಲಿ.

ಎರಡನೇ ಗೋಲ್‌ಕೀಪರ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಗೋಲ್‌ಕೀಪರ್ ಇಲ್ಲದೆ ಹನ್ನೊಂದೂ ಜನ ಬಯಲಾಟಗಾರರಾಗಿ ಆಡಲು ನಿಯಮ ಬಿಡುತ್ತದೆ, ಆದರೆ ಆಗ ಯಾರೂ ಕಾಲಿನಿಂದ, ದೇಹದಿಂದ ಚೆಂಡು ತಡೆಯುವಂತಿಲ್ಲ. ಮೊದಲ ಕ್ವಾರ್ಟರ್‌ನಲ್ಲೇ ಬೆರಳು ಮುರಿದುಕೊಂಡರೆ ಉಳಿದ ಮುಕ್ಕಾಲು ಗಂಟೆ ಹಾಗೆ ಕಳೆಯುತ್ತೀರಾ? ನಾಕ್‌ಔಟ್ ಟೂರ್ನಿಯಲ್ಲಿ ಸಮವಾದರೆ ಶೂಟ್‌ಔಟ್ ಬೇರೆ: 23 ಮೀಟರ್ ಗೆರೆಯಿಂದ ಎಂಟು ಸೆಕೆಂಡಿನಲ್ಲಿ ಗೋಲ್‌ಕೀಪರ್‌ನನ್ನು ದಾಟಬೇಕು. ಅದಕ್ಕೆ ಐವರು ಬೇಕು. ಎಂಟು ಫಾರ್ವರ್ಡ್‌ಗಳಿಗೂ ಟ್ರಯಲ್ಸ್‌ನ ಕೊನೆಯಲ್ಲಿ, ದಣಿದಿರುವಾಗ, ತಲಾ ಐದು ಕೊಡಿ. ತಂಪಾದ ಬೆಳಗ್ಗೆ ತೆಗೆದ ಅಂಕಿ ನಂಬಬೇಡಿ.

ಕಾರ್ಡಿನ ಸಿದ್ಧತೆಯನ್ನೂ ಮುಂಚೆಯೇ ಮಾಡಿ. ಗ್ರೀನ್ ಎಂದರೆ ಎರಡು ನಿಮಿಷ, ಯೆಲ್ಲೋ ಎಂದರೆ ಕನಿಷ್ಠ ಐದು ನಿಮಿಷ ಹತ್ತೇ ಜನ. ಡಿಫೆಂಡರ್ ಹೊರಹೋದರೆ ಯಾವ ಮಿಡ್‌ಫೀಲ್ಡರ್ ಹಿಂದೆ ಬರುತ್ತಾನೆ, ಯಾವ ಫಾರ್ವರ್ಡ್ ಮಿಡ್‌ಫೀಲ್ಡ್‌ಗೆ ಇಳಿಯುತ್ತಾನೆ ಎಂದು ಹೆಸರು ಬರೆದಿರಲಿ. ಇಳಿಯುವವನು ಮೇಲೆ ಹೇಳಿದ ಆ ಆರನೇ ಫಾರ್ವರ್ಡ್.

ಇಷ್ಟೆಲ್ಲ ಬರೆದ ಮೇಲೆ ಎಂಟರಲ್ಲಿ ಇಬ್ಬರು ಹೊರಗುಳಿಯುವುದು ಹೀಗೆ: ಪಿಸಿಯ ಯಾವ ಕೆಲಸವೂ ಗೊತ್ತಿಲ್ಲದವನು, ಎರಡನೇ ಜಾಗದಲ್ಲಿ ನಿಲ್ಲಲಾರದವನು, ನಾಲ್ಕನೇ ಕಾಲಂ ಖಾಲಿ ಇರುವವನು. ಮೂರರಲ್ಲಿ ಎರಡು ಯಾರಿಗೆ ಅನ್ವಯಿಸುತ್ತದೋ ಅವರು ಈ ಸಲ ಬೇಡ. ಇಬ್ಬರು ಸಮವಾಗಿ ನಿಂತರೆ ಪುಷ್ ಮಾಡಬಲ್ಲವನನ್ನು ತೆಗೆದುಕೊಳ್ಳಿ; ಅದೂ ಸಮವಾದರೆ ವಯಸ್ಸಿನಲ್ಲಿ ಚಿಕ್ಕವನನ್ನು. ಬಿಟ್ಟ ನಾಲ್ವರನ್ನು ಅಭ್ಯಾಸದಿಂದ ಮಾತ್ರ ಬಿಡಬೇಡಿ. ಡಿಸೆಂಬರ್‌ನಲ್ಲಿ ತೋಟದ ಹುಡುಗರು ಫೋನ್ ಎತ್ತದ ವಾರ ಬಸ್ ಹತ್ತುವವರು ಅವರೇ.